ಮ್ಯಾಕ್‌ಬೆತ್ ಆಸೆಯ ನಾಟಕವಾ, ಭಯದ ನಾಟಕವಾ?

ಸೊಪ್ಪಿನಬೆಟ್ಟ:

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರ ನಮ್ಮೂರಿನ ಹವ್ಯಾಸಿ ತಂಡ ಈ ಸಲ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ಆಡಲು ಹೊರಟಿದೆ. ಅಡಿಕೆ ಕೊಯ್ಲಿನ ಸಮಯ, ಹಗಲು ಯಾರಿಗೂ ಬಿಡುವಿಲ್ಲ. ಹಾಗಾಗಿ ರಾತ್ರಿ ಊಟ ಮುಗಿಸಿಕೊಂಡು ಬಂದು, ಅಡಿಕೆ ಸುಲಿಯುವ ಚಪ್ಪರದಲ್ಲೇ ತಾಲೀಮು ಮಾಡುತ್ತಿದ್ದೇವೆ. ಪಕ್ಕದ ಒಲೆಯ ಮೇಲೆ ಹಂಡೆಯಲ್ಲಿ ಅಡಿಕೆ ಕುದಿಯುತ್ತಿರುತ್ತದೆ. ಮೂವರು ಮಾಟಗಾತಿಯರ ದೃಶ್ಯಕ್ಕೆ ಬೇರೆ ಹಂಡೆ ಹುಡುಕಬೇಕಾಗಿಯೇ ಬರಲಿಲ್ಲ.

ಪ್ರಶ್ನೆ ಇಷ್ಟು. ನಾಟಕ ಆಡಿಸುತ್ತಿರುವ ಅಣ್ಣ ಹೇಳುವುದು, ಇದು 'ಅತಿ ಆಸೆ ಗತಿಗೇಡು' ಅನ್ನುವ ಕಥೆ. ಶಾಲೆಯಲ್ಲೂ ನಮಗೆ ಹಾಗೇ ಹೇಳಿಕೊಟ್ಟಿದ್ದರು. ಆದರೆ ಮಾತು ಬಾಯಿಪಾಠ ಮಾಡುತ್ತಾ ಮಾಡುತ್ತಾ ನನಗೆ ಬೇರೆ ಅನಿಸುತ್ತಿದೆ. ನಾಟಕದಲ್ಲಿ 5 ಅಂಕ. 2ನೇ ಅಂಕ ಮುಗಿಯುವುದರೊಳಗೆ ಮ್ಯಾಕ್‌ಬೆತ್‌ನ ಕೈಯಲ್ಲಿ ಸ್ಕಾಟ್ಲೆಂಡಿನ ರಾಜ ಡಂಕನ್ ಸತ್ತಾಗಿದೆ, ಮ್ಯಾಕ್‌ಬೆತ್ ಪಟ್ಟ ಕಟ್ಟಿಸಿಕೊಳ್ಳಲು ಹೊರಟಾಗಿದೆ. ಆಸೆಪಟ್ಟದ್ದು ಕೈಗೆ ಸಿಕ್ಕಿತು. ಬರೀ ಆಸೆಯ ಕಥೆಯಾಗಿದ್ದರೆ ಇನ್ನೂ 3 ಅಂಕ ಯಾಕೆ ಬೇಕಿತ್ತು? ಅಲ್ಲಿಂದ ಮುಂದೆ ಅವನು ಹೊಸದಾಗಿ ಏನನ್ನೂ ಗಳಿಸುವುದಿಲ್ಲ. ಕಾಯುತ್ತಾನೆ, ಅನುಮಾನಿಸುತ್ತಾನೆ, ಕೊಲ್ಲಿಸುತ್ತಾನೆ. 3ನೇ ಅಂಕದ ಶುರುವಿನಲ್ಲೇ ಅವನು ಹೇಳುವ ಮಾತಿನ ಅರ್ಥ ಇದು: ರಾಜನಾಗಿರುವುದು ದೊಡ್ಡದಲ್ಲ, ನಿಶ್ಚಿಂತೆಯಿಂದ ರಾಜನಾಗಿರಬೇಕು. ನನಗೆ ನಾಟಕ ನಿಜವಾಗಿ ಶುರುವಾಗುವುದೇ ಅಲ್ಲಿ.

ನಾನು ಮಾಡುತ್ತಿರುವುದು ಬ್ಯಾಂಕೋ ಪಾತ್ರ, ಮ್ಯಾಕ್‌ಬೆತ್‌ನ ಜೊತೆಯ ದಳಪತಿ. ಮ್ಯಾಕ್‌ಬೆತ್ ರಾಜನಾಗುತ್ತಾನೆ, ಬ್ಯಾಂಕೋನ ಮಕ್ಕಳು ರಾಜರಾಗುತ್ತಾರೆ ಅಂತ ಮಾಟಗಾತಿಯರು ಶುರುವಿನಲ್ಲೇ ಇಬ್ಬರಿಗೂ ಭವಿಷ್ಯ ಹೇಳಿರುತ್ತಾರೆ. ನಿಮಗೆ ಏನನಿಸುತ್ತದೆ ಹೇಳಿ.

ಹಳೇ ಮೇಷ್ಟ್ರು, ಶಿವಮೊಗ್ಗ:

ತಮ್ಮಾ, ಬ್ಯಾಂಕೋ ಪಾತ್ರ ಮಾಡುತ್ತಿದ್ದೀಯಲ್ಲ, ಹಾಗಾದರೆ ನಿನಗೆ ಈ ವಿಷಯ ಗೊತ್ತಿರಬೇಕು. ಶೇಕ್ಸ್‌ಪಿಯರ್ ಈ ಕಥೆ ಎತ್ತಿಕೊಂಡದ್ದು ಹಾಲಿನ್‌ಶೆಡ್‌ನ ಇತಿಹಾಸ ಗ್ರಂಥದಿಂದ. ಅದರ 2ನೇ ಮುದ್ರಣ 1587ರದ್ದು. ಅದರಲ್ಲಿ ಬ್ಯಾಂಕೋ ಒಳ್ಳೆಯವನಲ್ಲ. ಡಂಕನ್‌ನ ಕೊಲೆಯಲ್ಲಿ ಅವನೂ ಪಾಲುದಾರ. ನಾಟಕಕ್ಕೆ ಬರುವಾಗ ಅವನ ಕೈ ತೊಳೆದು ಸ್ವಚ್ಛ ಮಾಡಲಾಗಿದೆ.

ಯಾಕೆ ಅಂದರೆ, ಆಗ ಸಿಂಹಾಸನದ ಮೇಲೆ ಕೂತಿದ್ದವನು ಜೇಮ್ಸ್. ಸ್ಕಾಟ್ಲೆಂಡಿನ ರಾಜನಾಗಿದ್ದವನು 1603ರಲ್ಲಿ ಇಂಗ್ಲೆಂಡಿಗೂ ರಾಜನಾದ. ಬಂದ ವರ್ಷವೇ ಶೇಕ್ಸ್‌ಪಿಯರನ ನಾಟಕ ಕಂಪನಿಯನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡ. ಅವನ ಸ್ಟುವರ್ಟ್ ಮನೆತನ ಬ್ಯಾಂಕೋನನ್ನು ತಮ್ಮ ಮೂಲಪುರುಷ ಅಂತ ನಂಬಿತ್ತು. ಅನ್ನ ಹಾಕುವ ರಾಜನ ಪೂರ್ವಜನನ್ನು ಕೊಲೆಗಾರ ಅಂತ ರಂಗದ ಮೇಲೆ ತೋರಿಸಲು ಆಗುತ್ತದಾ? ಇನ್ನೊಂದು ವಿಷಯ, ಬ್ಯಾಂಕೋ ಅನ್ನುವವನು ಇತಿಹಾಸದಲ್ಲಿ ಇರಲೇ ಇಲ್ಲ ಅಂತ ಇವತ್ತಿನ ವಿದ್ವಾಂಸರು ಹೇಳುತ್ತಾರೆ. ಆಮೇಲಿನವರು ಕಟ್ಟಿದ ಹೆಸರು ಅದು.

ಮ್ಯಾಕ್‌ಬೆತ್ ಮಾತ್ರ ನಿಜವಾಗಿ ಇದ್ದವನು. 1040ರಲ್ಲಿ ಡಂಕನ್ ಸತ್ತದ್ದು ನಿದ್ದೆಯಲ್ಲಿ ಅಲ್ಲ, ಎಲ್ಗಿನ್ ಊರಿನ ಹತ್ತಿರ ನಡೆದ ಕಾಳಗದಲ್ಲಿ. ಡಂಕನ್ ಹಣ್ಣು ಮುದುಕನೂ ಆಗಿರಲಿಲ್ಲ. ಮ್ಯಾಕ್‌ಬೆತ್ ಆಳಿದ್ದು 17 ವರ್ಷ. 1050ರಲ್ಲಿ ರೋಮ್ ಯಾತ್ರೆಗೆ ಹೋಗಿ ಬಡವರಿಗೆ ದುಡ್ಡನ್ನು ಬೀಜ ಎರಚಿದ ಹಾಗೆ ಎರಚಿದ ಅಂತ ಹಳೆಯ ದಾಖಲೆ ಇದೆ. ಕುರ್ಚಿ ಅಲ್ಲಾಡುತ್ತಿದ್ದ ರಾಜ ಅಷ್ಟು ದೂರ ರಾಜ್ಯ ಬಿಟ್ಟು ಹೋಗುವುದು ಕಷ್ಟ, ಅಲ್ವಾ? 1057ರಲ್ಲಿ ಲಂಫನನ್ ಅನ್ನುವಲ್ಲಿ ಡಂಕನ್‌ನ ಮಗ ಮಾಲ್ಕಮ್‌ನ ಕಡೆಯವರ ಕೈಯಲ್ಲಿ ಸತ್ತ. ಆಗಲೂ ತಕ್ಷಣ ಪಟ್ಟ ಸಿಕ್ಕಿದ್ದು ಮಾಲ್ಕಮ್‌ಗೆ ಅಲ್ಲ, ಮ್ಯಾಕ್‌ಬೆತ್‌ನ ಹೆಂಡತಿಯ ಮೊದಲ ಮದುವೆಯ ಮಗ ಲೂಲಾಕ್‌ಗೆ. ಅವನನ್ನೂ 1058ರಲ್ಲಿ ಕೊಂದರು.

ಇನ್ನೊಂದು ಮಾತು. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಅಪ್ಪನಿಂದ ಮಗನಿಗೆ ನೇರವಾಗಿ ಪಟ್ಟ ಬರುವ ಪದ್ಧತಿ ಗಟ್ಟಿಯಾಗಿರಲಿಲ್ಲ. ರಾಜಮನೆತನದ ಕವಲುಗಳಲ್ಲಿ ಸಮರ್ಥನಾದವನು ಕೇಳಬಹುದಿತ್ತು. 1ನೇ ಅಂಕದಲ್ಲಿ ಡಂಕನ್ ಎಲ್ಲರ ಮುಂದೆ ತನ್ನ ಮಗನನ್ನು ಉತ್ತರಾಧಿಕಾರಿ ಅಂತ ಘೋಷಿಸುತ್ತಾನಲ್ಲ, ಅಲ್ಲಿ ಮ್ಯಾಕ್‌ಬೆತ್‌ನ ಮುಖ ಯಾಕೆ ಕಪ್ಪಿಡುತ್ತದೆ ಅನ್ನುವುದು ಇದರಿಂದ ಅರ್ಥವಾಗುತ್ತದೆ.

ತುಂಗಾತೀರ:

ಮೇಷ್ಟ್ರೇ, ನೀವು ಹೇಳಿದ್ದು ಕೇಳಿದರೆ ಇದು ರಾಜನನ್ನು ಓಲೈಸಲು ಬರೆದ ನಾಟಕ ಅಂತ ಆಗುತ್ತದೆ. ಅಂಥದ್ದನ್ನು 400 ವರ್ಷ ಆದಮೇಲೆ ಮಲೆನಾಡಿನ ಹಳ್ಳಿಯವರು ಯಾಕೆ ಆಡಬೇಕು?

ಹಳೇ ಮೇಷ್ಟ್ರು, ಶಿವಮೊಗ್ಗ:

ಓಲೈಕೆ ಇದೆ, ಅಡಗಿಸುವುದು ಬೇಡ. 4ನೇ ಅಂಕದಲ್ಲಿ 8 ಜನ ರಾಜರು ಸಾಲಾಗಿ ಹೋಗುತ್ತಾರೆ, ಕೊನೆಯವನ ಕೈಯಲ್ಲಿ ಕನ್ನಡಿ. ಬ್ಯಾಂಕೋನ ವಂಶ ಉದ್ದಕ್ಕೂ ಆಳುತ್ತದೆ ಅಂತ ಅದರ ಅರ್ಥ. ಅದು ಜೇಮ್ಸ್‌ಗೆ ಹಾಕಿದ ಹಾರವೇ. ಮಾಟಗಾತಿಯರೂ ಅವನ ಇಷ್ಟದ ವಿಷಯ. 1590ರಲ್ಲಿ ಹೆಂಡತಿಯನ್ನು ಕರೆದುಕೊಂಡು ಡೆನ್ಮಾರ್ಕ್‌ನಿಂದ ಬರುವಾಗ ಹಡಗು ಬಿರುಗಾಳಿಗೆ ಸಿಕ್ಕಿತು. ಅದು ಮಾಟದ ಕೆಲಸ ಅಂತ ನಂಬಿ ಹೆಂಗಸರನ್ನು ಹಿಡಿಸಿ ವಿಚಾರಣೆ ಮಾಡಿಸಿದ. 1597ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ನಾಟಕದ ಮಾಟಗಾತಿ ನಾವಿಕನ ಹಡಗನ್ನು ಬಿರುಗಾಳಿಗೆ ಒಡ್ಡುತ್ತೇನೆ ಅನ್ನುವಾಗ ಅರಮನೆಯವರಿಗೆ ಇದೆಲ್ಲ ನೆನಪಾಗದೆ ಇರುತ್ತದಾ?

ಆದರೆ ಕಾಲ ನೋಡಮ್ಮ. 1605ರ ನವೆಂಬರ್ 5ರಂದು ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಕೆಳಗೆ ಮದ್ದಿನ ಪೀಪಾಯಿಗಳು ಸಿಕ್ಕವು. ರಾಜನ ಸಮೇತ ಇಡೀ ಸಭೆಯನ್ನು ಹಾರಿಸುವ ಸಂಚು. 1606ರಲ್ಲಿ ಗಾರ್ನೆಟ್ ಅನ್ನುವ ಪಾದ್ರಿಯ ವಿಚಾರಣೆ ನಡೆದು ಗಲ್ಲಾಯಿತು. ಸುಳ್ಳು ಹೇಳದೆಯೇ ಎರಡರ್ಥದ ಮಾತಾಡಿ ತಪ್ಪಿಸಿಕೊಳ್ಳಬಹುದು ಅಂತ ವಾದಿಸಿದವನು ಅವನು. ನಾಟಕದ ದ್ವಾರಪಾಲಕ ನರಕದ ಬಾಗಿಲಲ್ಲಿ ನಿಂತವನ ಹಾಗೆ ನಟಿಸುತ್ತಾ, ಎರಡು ನಾಲಿಗೆಯವನೊಬ್ಬ ಬಂದಿದ್ದಾನೆ ಅನ್ನುವುದು ಅವನನ್ನೇ ನೆನಪಿಸುತ್ತದೆ. ನಾಟಕ ಬರೆದದ್ದೂ ಸುಮಾರು ಅದೇ 1606ರಲ್ಲಿ. ಇಡೀ ಊರು ರಾಜಹತ್ಯೆಯ ಮಾತಿಗೇ ಬೆಚ್ಚುತ್ತಿರುವಾಗ, ಅದೇ ರಾಜನ ಕಂಪನಿಯವನು, ಮಲಗಿದ್ದ ರಾಜನನ್ನು ಕೊಲ್ಲುವವನ ಮನಸ್ಸಿನೊಳಗೆ ನಮ್ಮನ್ನು ಕೂರಿಸುತ್ತಾನೆ. ಅವನ ಎದೆ ಬಡಿತ ನಮಗೆ ಕೇಳಿಸುತ್ತದೆ. ಹಾರ ಹಾಕುವವನಿಗೆ ಅಷ್ಟು ಆಳಕ್ಕೆ ಇಳಿಯಬೇಕಾಗಿಯೇ ಇರಲಿಲ್ಲ.

ಅರ್ಥಧಾರಿ:

ನನ್ನದು ತಾಳಮದ್ದಳೆಯ ಕಣ್ಣು. ಭಯವೋ ಆಸೆಯೋ ಅಂತ ಕೇಳಿದಿರಿ. ನಮ್ಮ ಪ್ರಸಂಗಗಳಲ್ಲಿ ಹುಡುಕಿದರೆ ಮ್ಯಾಕ್‌ಬೆತ್‌ಗೆ ತೀರಾ ಹತ್ತಿರದವನು ಕೌರವ ಅಲ್ಲ, ರಾವಣನೂ ಅಲ್ಲ. ಕಂಸ. ಒಂದು ಅಶರೀರವಾಣಿ ಕಿವಿಗೆ ಬಿತ್ತು, ಮುಗಿಯಿತು. ಅಲ್ಲಿಂದ ಮುಂದೆ ಎಷ್ಟು ಮಕ್ಕಳನ್ನು ಕೊಂದರೂ ಸಾಲದು. ಮ್ಯಾಕ್‌ಬೆತ್ ಬ್ಯಾಂಕೋನ ಮಗನ ಮೇಲೆ ಕೊಲೆಗಾರರನ್ನು ಬಿಡುವುದು, ತನಗೆ ತಿರುಗಿಬಿದ್ದ ಫೈಫ್‌ನ ಒಡೆಯ ಮ್ಯಾಕ್‌ಡಫ್‌ನ ಮನೆಯ ಮಕ್ಕಳನ್ನು ಕೊಲ್ಲಿಸುವುದು ಇದೇ ದಾರಿ. ಕಂಸನ ಪಾತ್ರ ಮಾಡಿದವರನ್ನು ಕೇಳಿ, ಕತ್ತಿ ಎತ್ತುವುದು ಸುಲಭ, ದುಃಸ್ವಪ್ನ ಕಂಡು ಬೆದರುವುದನ್ನು ಮಾಡುವುದೇ ಕಷ್ಟ ಅನ್ನುತ್ತಾರೆ.

ಮ್ಯಾಕ್‌ಬೆತ್‌ಗೆ ಸಿಗುವ ಕೊನೆಯ ಭವಿಷ್ಯಗಳು ಹಿರಣ್ಯಕಶಿಪುವಿನ ವರದ ಹಾಗೆ. ಹಗಲೂ ಅಲ್ಲ ರಾತ್ರಿಯೂ ಅಲ್ಲ, ಒಳಗೂ ಅಲ್ಲ ಹೊರಗೂ ಅಲ್ಲ. ಇಲ್ಲಿ, ಹೆಣ್ಣು ಹೆತ್ತ ಯಾರಿಂದಲೂ ನಿನಗೆ ಸಾವಿಲ್ಲ, ಬರ್ನಮ್ ಕಾಡು ಎದ್ದು ನಿನ್ನ ಕೋಟೆಯ ಬೆಟ್ಟಕ್ಕೆ ಬರುವ ತನಕ ಸೋಲಿಲ್ಲ. ನಮ್ಮ ಪ್ರೇಕ್ಷಕರಿಗೆ ಇದನ್ನು ಬಿಡಿಸಿ ಹೇಳಲೇಬೇಕಿಲ್ಲ. ವರ ಅಂದಕೂಡಲೇ ಅದರಲ್ಲೊಂದು ಸಂದು ಇರುತ್ತದೆ ಅಂತ ಚಿಕ್ಕಂದಿನಿಂದ ಕೇಳಿ ಗೊತ್ತು. ಬಿ.ವಿ. ಕಾರಂತರು 1979ರಲ್ಲಿ ಇದೇ ನಾಟಕವನ್ನು ಹಿಂದಿಯಲ್ಲಿ 'ಬರ್ನಮ್ ವನ' ಅಂತ ಯಕ್ಷಗಾನದ ನಡೆಯಲ್ಲಿ ಆಡಿಸಿದ್ದು ಸುಮ್ನೆ ಅಲ್ಲ.

ನಗರದ ಕೋಟೆ:

ನಾನು ಹೊಸನಗರ ತಾಲ್ಲೂಕಿನ ನಗರದವಳು, ಹಳೆಯ ಬಿದನೂರು. ಮೇಷ್ಟ್ರು ಹೇಳಿದ್ದನ್ನು ಓದುವಾಗ ನನಗೆ ನಮ್ಮ ವೀರಮ್ಮಾಜಿ ನೆನಪಾದಳು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದಾಗ ಆಳುತ್ತಿದ್ದ ಕೆಳದಿಯ ಕೊನೆಯ ರಾಣಿ. ಅವಳ ಬಗ್ಗೆ ಜಾಸ್ತಿ ಜನರಿಗೆ ಗೊತ್ತಿರುವುದು ಒಂದೇ ಕಥೆ: ಪ್ರಿಯಕರನ ಜೊತೆ ಸೇರಿ ದತ್ತುಮಗನನ್ನು ಕೊಲ್ಲಿಸಿದಳು ಅಂತ. ಬ್ರಿಟಿಷ್ ಅಧಿಕಾರಿಗಳು ಬರೆದ ಮೈಸೂರಿನ ಇತಿಹಾಸದಲ್ಲೂ ಅದೇ ಇದೆ. ಅದನ್ನು ಹೇಳಿದವರು ಯಾರು, ಯಾವಾಗ ಹೇಳಿದರು? ರಾಜ್ಯ ಕೈಬಿಟ್ಟ ಮೇಲೆ. ಸೋತ ಹೆಂಗಸಿನ ಪರವಾಗಿ ಬರೆಯಲು ಆಸ್ಥಾನದಲ್ಲಿ ಯಾರೂ ಉಳಿದಿರಲಿಲ್ಲ.

ಮ್ಯಾಕ್‌ಬೆತ್‌ನ ಹೆಂಡತಿಯದ್ದೂ ಹೀಗೇ. ಅವಳ ನಿಜವಾದ ಹೆಸರು ಗ್ರುವೋಕ್. ಅವಳೇ ರಾಜವಂಶದವಳು. ಮೊದಲ ಗಂಡ 1032ರಲ್ಲಿ 50 ಜನರ ಜೊತೆ ಸುಟ್ಟು ಸತ್ತ. ಗಂಡ ಹೆಂಡತಿ ಇಬ್ಬರೂ ಸೇರಿ ಲಾಕ್ ಲೀವನ್‌ನ ಸನ್ಯಾಸಿಗಳಿಗೆ ಭೂಮಿ ಬಿಟ್ಟುಕೊಟ್ಟ ದಾಖಲೆ ಇದೆ. ನಾಟಕದಲ್ಲಿ ಅವಳ ಹೆಸರೂ ಉಳಿಯಲಿಲ್ಲ. 'ಲೇಡಿ ಮ್ಯಾಕ್‌ಬೆತ್' ಅಷ್ಟೆ.

ಮಳೆಗಾಲದಲ್ಲಿ ಕೋಟೆಯ ಒಳಗೆ ಹೋದರೆ ಗೋಡೆ ತುಂಬ ಪಾಚಿ, ಕೆಳಗೆ ಹೊಂಡಗಳ ತುಂಬ ನೀರು. ಯಾರು ಯಾರನ್ನು ಕೊಂದರು ಅಂತ ಅಲ್ಲಿ ನಿಂತು ಕೇಳಿದರೆ ಉತ್ತರ ಸಿಗುವುದಿಲ್ಲ. ನಾಟಕ ನೋಡುವವರಿಗೆ ಇದು ಗೆದ್ದವರು ಹೇಳಿದ ಕಥೆ ಅಂತ ಒಂದು ಮಾತಾದರೂ ತಿಳಿಸಿ ಅನ್ನುವುದು ನನ್ನ ಬೇಡಿಕೆ.

ತುಂಗಾತೀರ:

ಅಕ್ಕಾ, ಬಿದನೂರು ಅಂದಿದ್ದಕ್ಕೆ ನೆನಪಾಯಿತು. ಕುವೆಂಪು ಅವರು ಹ್ಯಾಮ್ಲೆಟ್ ನಾಟಕವನ್ನು 'ರಕ್ತಾಕ್ಷಿ' ಮಾಡುವಾಗ ಕಥೆ ಇಟ್ಟದ್ದು ಬಿದನೂರಿನ ಅರಮನೆಯಲ್ಲೇ. ನಾನು ತೀರ್ಥಹಳ್ಳಿಯವಳಾದ್ದರಿಂದ ಇದನ್ನು ಹೇಳದೆ ಇರಲು ಆಗಲಿಲ್ಲ.

ಸೊಪ್ಪಿನಬೆಟ್ಟ:

ಎಲ್ಲರ ಮಾತನ್ನೂ ನಿನ್ನೆ ರಾತ್ರಿ ತಾಲೀಮಿನಲ್ಲಿ ಓದಿ ಹೇಳಿದೆ. ಒಂದು ಜಗಳವೇ ಆಯಿತು. ಮಾಟಗಾತಿಯರ ಬದಲು ಚೌಡಿಯನ್ನು ತಂದರೆ ನಮ್ಮ ಜನಕ್ಕೆ ಹತ್ತಿರವಾಗುತ್ತದೆ ಅಂತ ಒಬ್ಬರು ಹೇಳಿದರು. ಹಿರಿಯರು ಸುತಾರಾಂ ಒಪ್ಪಲಿಲ್ಲ. ನನಗೂ ಒಪ್ಪಿಗೆಯಿಲ್ಲ. ಚೌಡಿ ನಮ್ಮ ತೋಟ ಕಾಯುವವಳು. ವರ್ಷಕ್ಕೊಮ್ಮೆ ಪೂಜೆ ತಪ್ಪಿದರೆ ಸಿಟ್ಟಾಗಬಹುದು, ಆದರೆ ಮಾತಿನಲ್ಲಿ ಮೋಸ ಮಾಡುವವಳಲ್ಲ. ಆ ಮೂವರ ಕೆಲಸವೇ ಅರ್ಧ ನಿಜ ಹೇಳಿ ನಂಬಿಸುವುದು. ಇದನ್ನು ಮೊದಲು ಎಚ್ಚರಿಸುವವನು ನನ್ನ ಬ್ಯಾಂಕೋನೇ. ಸಣ್ಣ ವಿಷಯದಲ್ಲಿ ಸತ್ಯ ಹೇಳಿ ಗೆದ್ದುಕೊಂಡು, ದೊಡ್ಡ ವಿಷಯದಲ್ಲಿ ಕೈಕೊಡುತ್ತಾರೆ ಅಂತ.

ಮೇಷ್ಟ್ರೇ, ಹಳೆಯ ಕಥೆಯಲ್ಲಿ ಬ್ಯಾಂಕೋ ಪಾಲುದಾರ ಅಂದಿರಲ್ಲ. ಅದು ಗೊತ್ತಾದ ಮೇಲೆ ನನ್ನ 3ನೇ ಅಂಕದ ಮೊದಲ ಮಾತು ಬದಲಾಗಿಹೋಯಿತು. 'ಎಲ್ಲ ನಿನಗೆ ಸಿಕ್ಕಿತು, ನೀನು ಅದಕ್ಕಾಗಿ ಕೆಟ್ಟ ಆಟ ಆಡಿದೆ ಅಂತ ನನ್ನ ಅನುಮಾನ' ಅಂತ ಬ್ಯಾಂಕೋ ಒಬ್ಬನೇ ನಿಂತು ಹೇಳುತ್ತಾನೆ. ಅನುಮಾನ ಇದೆ, ಆದರೂ ಯಾರ ಹತ್ತಿರವೂ ಹೇಳುವುದಿಲ್ಲ. ಯಾಕೆ ಅಂದರೆ ತನ್ನ ಮಕ್ಕಳು ರಾಜರಾಗುತ್ತಾರೆ ಅನ್ನುವ ಮಾತು ಅವನ ಕಿವಿಯಲ್ಲೂ ಇದೆ. ಕೈ ತೊಳೆದರೂ ಸ್ವಲ್ಪ ಉಳಿದುಕೊಂಡಿದೆ.

ಮೆಟ್ಟುಗತ್ತಿ:

ಲೇಡಿ ಮ್ಯಾಕ್‌ಬೆತ್ ಪಾತ್ರ ಮಾಡುತ್ತಿರುವವಳು ನಾನೇ. ಸೊಪ್ಪಿನಬೆಟ್ಟದ ತಮ್ಮ ಇಲ್ಲಿ ಬರೆದಿದ್ದಾನೆ ಅಂತ ಗೊತ್ತಾಗಿ ಬಂದೆ.

ಹಗಲಿಡೀ ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತೇನೆ. ನೋಡಿದವರಿಗೆ ಗೊತ್ತು, ಆ ಕಲೆ ಹೋಗುವುದಿಲ್ಲ. ಮೊದಲು ಹಳದಿ, ಆಮೇಲೆ ಕಂದು, ವಾರ ಕಳೆದರೆ ಕಪ್ಪು. ಉಗುರಿನ ಸಂದಿಯಲ್ಲಿ, ಬೆರಳಿನ ಗೆರೆಗಳಲ್ಲಿ ಕೂತುಬಿಡುತ್ತದೆ. ನಿಂಬೆಹಣ್ಣು ಉಜ್ಜಿದ್ದಾಯಿತು, ಸೀಗೆಪುಡಿ ಹಾಕಿದ್ದಾಯಿತು. ನಿದ್ದೆಯಲ್ಲಿ ನಡೆಯುವ ದೃಶ್ಯದ ತಾಲೀಮಿನ ದಿನ ಮೇಣದ ಬತ್ತಿ ಕೆಳಗಿಟ್ಟು ಕೈ ನೋಡಿಕೊಂಡೆ. ನಟನೆ ಮಾಡಬೇಕಾಗಲಿಲ್ಲ. ಕಲೆ ಅಲ್ಲೇ ಇತ್ತು.

ಕೊಲೆಯ ರಾತ್ರಿ ಅವಳೇ ಹೇಳುತ್ತಾಳೆ, ಸ್ವಲ್ಪ ನೀರು ಸಾಕು, ತೊಳೆದರೆ ಹೋಯಿತು ಅಂತ. 5ನೇ ಅಂಕಕ್ಕೆ ಬಂದರೆ ಅರೇಬಿಯಾದ ಅತ್ತರೆಲ್ಲ ಸುರಿದರೂ ಈ ಕೈಯ ವಾಸನೆ ಹೋಗುವುದಿಲ್ಲ ಅನ್ನುತ್ತಾಳೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಮಾತು ಅದಲ್ಲ. ನಿದ್ದೆಯಲ್ಲೇ ಅವಳು ಕೇಳುತ್ತಾಳೆ, ಫೈಫ್‌ನ ಒಡೆಯನಿಗೆ ಒಬ್ಬ ಹೆಂಡತಿ ಇದ್ದಳು, ಈಗ ಎಲ್ಲಿ ಅವಳು? ಮ್ಯಾಕ್‌ಡಫ್‌ನ ಹೆಂಡತಿಯನ್ನು ಕೊಲ್ಲಿಸಿದ್ದು ಇವಳಲ್ಲ. ಅಷ್ಟೊತ್ತಿಗೆ ಗಂಡ ಇವಳ ಹತ್ತಿರ ಏನನ್ನೂ ಹೇಳುತ್ತಿಲ್ಲ. ಬ್ಯಾಂಕೋನ ಕೊಲೆಗೆ ಮುಂಚೆಯೇ, ನಿನಗೆ ಗೊತ್ತಾಗುವುದು ಬೇಡ, ಆದಮೇಲೆ ಮೆಚ್ಚಿಕೋ ಅಂತ ಬಾಗಿಲು ಹಾಕಿಬಿಟ್ಟಿದ್ದಾನೆ. ಮೊದಲು ಇಬ್ಬರೂ ಸೇರಿ ಸಂಚು ಮಾಡಿದವರು. ಆಮೇಲೆ ಅವನಿಗೆ ಅವನ ಭಯ, ಇವಳಿಗೆ ಇವಳ ಭಯ. ಒಂದೇ ಅರಮನೆಯಲ್ಲಿ ಬೇರೆ ಬೇರೆ ಎಚ್ಚರ.

ಇಷ್ಟು ದಿನ ಇವಳನ್ನು ರಾಕ್ಷಸಿ ಅಂತ ಮಾಡಿಕೊಂಡು ಬಂದಿದ್ದೆ. ಈಗ ಆಗುತ್ತಿಲ್ಲ. ಮಲಗಿದ್ದ ಡಂಕನ್ ನನ್ನ ಅಪ್ಪನ ಹಾಗೆ ಕಾಣದೆ ಇದ್ದಿದ್ದರೆ ನಾನೇ ಕೊಲ್ಲುತ್ತಿದ್ದೆ ಅಂತ ಅವಳು ಹೇಳುವುದನ್ನು ನಾವು ಕೇಳಿಸಿಕೊಂಡೇ ಇಲ್ಲ.

ಒಪ್ಪದವನು, ರಿಪ್ಪನ್‌ಪೇಟೆ:

ನನ್ನದು ಬೇರೆ ಅಭಿಪ್ರಾಯ. ಭಯ ಭಯ ಅಂತ ಹೇಳಿ ಅವನ ತಪ್ಪನ್ನು ಹಗುರ ಮಾಡಬೇಡಿ. ಕೊಲೆಗೆ ಮುಂಚೆ ಅವನೇ ಲೆಕ್ಕ ಹಾಕುತ್ತಾನೆ. ಡಂಕನ್ ನನ್ನ ನೆಂಟ, ನಾನು ಅವನ ಪ್ರಜೆ, ಎಲ್ಲಕ್ಕಿಂತ ಹೆಚ್ಚಾಗಿ ಅವನು ನನ್ನ ಮನೆಗೆ ಬಂದ ಅತಿಥಿ. ಕೊಲೆಗಾರ ಬಂದರೆ ಬಾಗಿಲು ಹಾಕಬೇಕಾದವನು ನಾನು, ಕತ್ತಿ ಹಿಡಿಯಬೇಕಾದವನಲ್ಲ. ಇಷ್ಟು ಸ್ಪಷ್ಟವಾಗಿ ತಿಳಿದುಕೊಂಡೂ ಮಾಡುತ್ತಾನೆ.

ನಮ್ಮ ಕಡೆ ಹಗೆಯವನೇ ಮೆಟ್ಟಿಲು ಹತ್ತಿ ಬಂದರೂ ಮೊದಲು ಒಂದು ಚೊಂಬು ನೀರು, ಒಂದು ಚೂರು ಬೆಲ್ಲ. ಆಮೇಲೆ ಮಾತು. ಬೆಲ್ಲ ಕೊಟ್ಟ ಕೈಯಲ್ಲೇ ಕತ್ತಿ ಹಿಡಿದವನು ಮ್ಯಾಕ್‌ಬೆತ್. ಅದನ್ನು ನೋಡುವವರಿಗೆ ಮುಟ್ಟಿಸದೆ ಬರೀ ಭಯ ತೋರಿಸಿದರೆ ನಾಟಕ ಜೊಳ್ಳಾಗುತ್ತದೆ.

ಹಳೇ ಮೇಷ್ಟ್ರು, ಶಿವಮೊಗ್ಗ:

ರಿಪ್ಪನ್‌ಪೇಟೆಯವರ ಮಾತು ಸರಿ. ಗೊತ್ತಿದ್ದೂ ಮಾಡಿದ್ದಕ್ಕೇ ಅವನಿಗೆ ನಿದ್ದೆ ಹೋದದ್ದು. ಗೊತ್ತಿಲ್ಲದೆ ಮಾಡಿದವನಾಗಿದ್ದರೆ ಚೆನ್ನಾಗಿ ಮಲಗುತ್ತಿದ್ದ. 'ಮ್ಯಾಕ್‌ಬೆತ್ ನಿದ್ದೆಯನ್ನೇ ಕೊಂದ' ಅಂತ ಅವನಿಗೆ ಕೇಳಿಸುವ ಕೂಗು ಅವನೊಳಗಿನದ್ದೇ.

ಕನ್ನಡದಲ್ಲಿ ಈ ನಾಟಕ ಹೊಸದಲ್ಲ. 1895ರಲ್ಲೇ ಶ್ರೀಕಂಠೇಶಗೌಡರು 'ಪ್ರತಾಪರುದ್ರದೇವ' ಅಂತ ಮಾಡಿಕೊಂಡಿದ್ದರು. ಡಿ.ವಿ.ಜಿ. 1936ರಲ್ಲಿ ಅನುವಾದಿಸಿದರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಎಚ್.ಎಸ್. ಶಿವಪ್ರಕಾಶರ 'ಮಾರನಾಯಕ'. ಹುಲುಗಪ್ಪ ಕಟ್ಟೀಮನಿಯವರು ಅದನ್ನು ಮೈಸೂರು ಸೆರೆಮನೆಯ ಕೈದಿಗಳಿಂದ ಆಡಿಸಿದರು. ಶಿಕ್ಷೆ ಅನುಭವಿಸುತ್ತಿರುವವರ ಬಾಯಲ್ಲಿ ಈ ಮಾತುಗಳು. ಅಲ್ಲಿ ಆಸೆ, ಭಯ, ತಪ್ಪು ಅಂತ ಬೇರೆ ಬೇರೆ ಮಾಡಿ ತೋರಿಸುವುದು ಯಾರಿಂದ ಆಗುತ್ತದೆ?

ನಗರದ ಕೋಟೆ:

ಒಂದು ವಿಷಯ ಯಾರೂ ಎತ್ತಲಿಲ್ಲ. ಸುಮ್ಮನಿರುವವರು. ರಾಸ್, ಲೆನಾಕ್ಸ್ ಮೊದಲಾದ ಸರದಾರರೆಲ್ಲ ಮ್ಯಾಕ್‌ಬೆತ್‌ನ ಊಟಕ್ಕೂ ಹೋಗುತ್ತಾರೆ, ಹೊರಗೆ ಬಂದು ಎರಡರ್ಥದ ಮಾತನ್ನೂ ಆಡುತ್ತಾರೆ. ನಮ್ಮ ದೇಶಕ್ಕೆ ತನ್ನನ್ನು ತಾನು ತಿಳಿದುಕೊಳ್ಳಲೂ ಹೆದರಿಕೆ ಅಂತ ರಾಸ್ 4ನೇ ಅಂಕದಲ್ಲಿ ಹೇಳುತ್ತಾನಲ್ಲ, ಆ ಹೆದರಿಕೆಯಲ್ಲಿ ಅವನ ಪಾಲೂ ಇದೆ. ಭಯ ಸಿಂಹಾಸನದ ಮೇಲೆ ಮಾತ್ರ ಕೂತಿಲ್ಲ. ಊಟದ ಪಂಕ್ತಿಯಲ್ಲೂ ಕೂತಿದೆ.

ಸೊಪ್ಪಿನಬೆಟ್ಟ:

ಅಕ್ಕನ ಈ ಮಾತನ್ನು ಅಣ್ಣ ತಕ್ಷಣ ಹಿಡಿದುಕೊಂಡರು. ಔತಣದ ದೃಶ್ಯವನ್ನು ಪಂಕ್ತಿ ಊಟದ ಹಾಗೆ, ಬಾಳೆಲೆ ಹಾಕಿ ಮಾಡುತ್ತೇವೆ. ಒಂದು ಎಲೆ ಖಾಲಿ. ಕೊಲೆಯಾದ ಬ್ಯಾಂಕೋನ ಭೂತವಾಗಿ ನಾನು ಬಂದು ಅದರ ಮುಂದೆ ಕೂರುತ್ತೇನೆ. ಮ್ಯಾಕ್‌ಬೆತ್‌ಗೆ ಮಾತ್ರ ಕಾಣುತ್ತೇನೆ. ಉಳಿದವರು ತಲೆ ಎತ್ತುವುದೇ ಇಲ್ಲ, ಎಲೆ ನೋಡಿಕೊಂಡು ಉಣ್ಣುತ್ತಲೇ ಇರುತ್ತಾರೆ. ನಿನ್ನೆ ಅದನ್ನು ಮಾಡಿ ನೋಡಿದಾಗ ಅಡಿಕೆ ಸುಲಿಯುತ್ತಿದ್ದವರ ಕತ್ತಿಯ ಸದ್ದೂ ನಿಂತಿತ್ತು.

ರಿಪ್ಪನ್‌ಪೇಟೆಯ ಅಣ್ಣಾ, ನಿಮ್ಮ ನೀರು ಬೆಲ್ಲವನ್ನೂ ತೆಗೆದುಕೊಂಡಿದ್ದೇವೆ. ಡಂಕನ್ ಬಂದಾಗ ಮೆಟ್ಟುಗತ್ತಿ ಅಕ್ಕನೇ ಚೊಂಬು ಹಿಡಿದು ಬರುತ್ತಾರೆ. 5ನೇ ಅಂಕದಲ್ಲಿ ಕೈ ತೊಳೆಯಲು ಹುಡುಕುವುದೂ ಅದೇ ಚೊಂಬನ್ನು.

ಉಳಿದದ್ದು ಬರ್ನಮ್ ಕಾಡು, ಅಂದರೆ ಸೈನಿಕರು ಕೊಂಬೆಗಳ ಮರೆಯಲ್ಲಿ ಕೋಟೆಗೆ ನಡೆದು ಬರುವ ದೃಶ್ಯ. ಎಲೆ ಬರೆದ ಪರದೆ ಮಾಡಿಸೋಣ ಅಂತ ಇತ್ತು. ಚಪ್ಪರದಲ್ಲಿ ಅಡಿಕೆ ಸುಲಿಯಲು ಬರುವ ಒಬ್ಬ ಅಜ್ಜಿ ದಿನಾ ತಾಲೀಮು ನೋಡುತ್ತಾರೆ. ಬೆಟ್ಟದಿಂದ ತೋಟಕ್ಕೆ ಸೊಪ್ಪಿನ ಹೊರೆ ಹೊತ್ತು ಹೊತ್ತು ಕುತ್ತಿಗೆ ಬಾಗಿದ ಜೀವ. ಸೈನಿಕರು ಒಂದೊಂದು ಕೊಂಬೆಯನ್ನು ಎದೆಗೆ ಹಿಡಿದು ನಡೆದು ಬರುವುದನ್ನು ನೋಡಿ, 'ಹಂಗಲ್ಲ ಮಾಣಿ' ಅಂತ ಎದ್ದು ಬಂದರು. ಹೊರೆಯನ್ನು ತಲೆ ಮೇಲೆ ಇಟ್ಟು, ಮುಖ ಮುಚ್ಚುವ ಹಾಗೆ ಮುಂದಕ್ಕೆ ಇಳಿಬಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ ನಡೆದು ತೋರಿಸಿದರು. ಮನುಷ್ಯ ಕಾಣಲಿಲ್ಲ. ಸೊಪ್ಪು ಮತ್ತು ಎರಡು ಪಾದ, ಅಷ್ಟೆ. ಚಪ್ಪರದಲ್ಲಿದ್ದ ಎಲ್ಲರೂ ಆ ನಡಿಗೆಯನ್ನು ಸಾವಿರ ಸಲ ನೋಡಿದ್ದೆವು, ಕಾಡು ನಡೆದು ಬರುತ್ತಿದೆ ಅಂತ ಒಂದು ಸಲವೂ ಹೊಳೆದಿರಲಿಲ್ಲ.

ಈಗ 12 ಜನ ಆ ನಡಿಗೆ ಕಲಿಯುತ್ತಿದ್ದಾರೆ. ಸೊಪ್ಪು ಬಾಡಬಾರದು ಅಂತ ಆಟದ ದಿನ ಬೆಳಿಗ್ಗೆಯೇ ಬೆಟ್ಟಕ್ಕೆ ಹೋಗುತ್ತೇವೆ. ಮರುದಿನ ಅದೇ ಸೊಪ್ಪು ಕೊಟ್ಟಿಗೆಗೆ ಹೋಗುತ್ತದೆ.